ಎರಡು ನಕ್ಷತ್ರ ನಾಲ್ಕಾದದ್ದು

ಎರಡೂ ಕೈಯಲ್ಲಿ ಒಂದೊಂದು ಟೋಪಿ ಹಿಡಿದು ಕೋರ್ಡೆಲ್ ಒಳಗೆ ನುಗ್ಗಿದಾಗ ಕೋಚ್ ಟಬ್ಸ್ ಒಗೆದ ಜೆರ್ಸಿಗಳನ್ನು ಮಡಚುತ್ತಿದ್ದರು. ಅಲಬಾಮಾದ ಆ ಪುಟ್ಟ ಊರಿನ ಹೈಸ್ಕೂಲಿನಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಕಲಿಸುವವರೂ ಅವರೇ, ಬಟ್ಟೆ ಒಗೆಯುವವರೂ ಅವರೇ. ಇನ್ನರ್ಧ ಗಂಟೆಗೆ ಜಿಮ್‌ನಲ್ಲಿ ಊರವರೆಲ್ಲರ ಎದುರು ಅವರ ತಂಡದ ಈ ಹುಡುಗ ಒಂದು ಟೋಪಿ ತಲೆಗಿಡಬೇಕು. ಯಾವ ಕಾಲೇಜಿನ ಟೋಪಿಯೋ ಆ ಕಾಲೇಜಿಗೆ ಆಡುತ್ತೇನೆಂದು ಸಹಿ.

"ಕೋಚ್, ಯಾವುದು ಅಂತ ನೀವೇ ಹೇಳಿಬಿಡಿ. ಅಮ್ಮ ಕೆಂಪು ಅಂತಾಳೆ, ಅಜ್ಜಿ ನೀಲಿ ಅಂತಾಳೆ. ನಂಗೆ ತಲೆ ಚಿಟ್ಟು ಹಿಡಿದುಹೋಗಿದೆ."

ನೀಲಿ ಪಕ್ಕದ ಊರಿನ ಸಣ್ಣ ಕಾಲೇಜಿನದು. ಅವರು ಎರಡು ವರ್ಷದಿಂದ ಕರೆಯುತ್ತಿದ್ದರು. ಹೋದರೆ ಮೊದಲ ವರ್ಷವೇ ಆಟ, ನಾಲ್ಕು ವರ್ಷಕ್ಕೆ ಡಿಗ್ರಿ. ಕೆಂಪು ದೊಡ್ಡ ಯೂನಿವರ್ಸಿಟಿಯದು. ಅಲ್ಲಿ ಮಿಂಚಿದರೆ ಸೈ, ಇಲ್ಲದಿದ್ದರೆ ಒಂದೇ ವರ್ಷಕ್ಕೆ ಬೇರೆ ದಾರಿ ನೋಡಿಕೋ ಅನ್ನುತ್ತಾರೆ. ಅಷ್ಟರಲ್ಲಿ ಸಣ್ಣ ಕಾಲೇಜಿನ ಜಾಗ ಇನ್ನೊಬ್ಬನ ಪಾಲು. ಎರಡು ವಾರದ ಹಿಂದೆ ಈ ಕೆಂಪು ಟೋಪಿಯವರಿಗೆ ಕೋರ್ಡೆಲ್‌ನ ಹೆಸರೇ ಗೊತ್ತಿರಲಿಲ್ಲ.

"ನಿನ್ನ ಮನಸ್ಸು ಏನು ಹೇಳುತ್ತೆ?"

"ಏನು ಹೇಳುತ್ತೆ, ಮಣ್ಣು! ಆಟಗಾರರಿಗೆ ನಕ್ಷತ್ರ ಹಂಚೋ ಆ ವೆಬ್‌ಸೈಟ್‌ನಲ್ಲಿ ಹೋದ ವಾರ ಸೋಮವಾರ ನಂಗೆ ಐದಕ್ಕೆ ಎರಡಿತ್ತು. ಗುರುವಾರ ನೋಡಿದ್ರೆ ನಾಲ್ಕು. ನಡುವೆ ನಾನು ಮಾಡಿದ್ದು ಅಂದ್ರೆ ಜ್ವರ ಬಂದು ಮಲಗಿದ್ದು. ನಾನು ಯಾರು ಕೋಚ್? ಸೋಮವಾರದವನೋ, ಗುರುವಾರದವನೋ?"

ಟಬ್ಸ್‌ಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಕೂತ್ಕೊ. ನಡುವಿನ ಮಂಗಳವಾರ ಆ ವೆಬ್‌ಸೈಟಿನ ಸ್ಪೆನ್ಸರ್ ಫೋನ್ ಮಾಡಿದ್ದ. ನಿನ್ನ ವಿಚಾರ ಬಂತು. ದೊಡ್ಡ ಯೂನಿವರ್ಸಿಟಿಯವರು ನಿನ್ನ ಹಿಂದೆ ಬಿದ್ದಿದ್ದಾರೆ ಅಂದುಬಿಟ್ಟೆ."

"ಬಿದ್ದಿದ್ರಾ?"

"ಎಲ್ಲಿ ಬಿದ್ದಿದ್ರು? ಶುದ್ಧ ಸುಳ್ಳು. ಅವರೇ ಹಿಂದೆ ಬಿದ್ದಿದ್ದಾರೆ ಅಂದ್ಮೇಲೆ ಹುಡುಗನಲ್ಲಿ ಏನೋ ಇರಬೇಕು ಅಂತ ಸ್ಪೆನ್ಸರ್ ನಾಲ್ಕು ಹಾಕಿದ. ನಾಲ್ಕಿದೆ ಅಂದ್ಮೇಲೆ ಏನೋ ಇರಬೇಕು ಅಂತ ಅವರು ನಿಜವಾಗ್ಲೂ ಬಂದ್ರು."

ಹುಡುಗ ಟೋಪಿಗಳನ್ನು ಮೇಜಿನ ಮೇಲಿಟ್ಟ. ಮುಖ ಸಣ್ಣದಾಯಿತು. "ಹಾಗಾದ್ರೆ ನಾನು ಎರಡೇ."

"ಅದೇ ಗೊತ್ತಾಗ್ತಿಲ್ಲ ಕಣೋ! ಬಂದವರು ಸುಮ್ನೆ ಹೋದ್ರಾ? ಗಡಿಯಾರ ಹಿಡಿದು ಓಡಿಸಿದ್ರು, ನಿನ್ನ ಆಟದ ವಿಡಿಯೊ ಎಲ್ಲ ನೋಡಿದ್ರು, ಬಂದ ಮೂರು ಜನವೂ ತಲೆದೂಗಿದ್ರು. ಆಮೇಲೆ ನಾನೂ ಅದೇ ವಿಡಿಯೊ ಹಾಕ್ಕೊಂಡು ಕೂತೆ. ಚೆಂಡು ಹಿಡಿದು ಓಡುವವನ ಮೇಲೆ ನೀನು ಚಿರತೆ ಎರಗಿದ ಹಾಗೆ ಎರಗ್ತಿದ್ದೆ. ಮೂರು ವರ್ಷ ದಿನಾ ನೋಡಿದವನು ನಾನು, ಒಂದಿನವೂ ಹಾಗೆ ಕಂಡಿರಲಿಲ್ಲ. ಆಗ ನಂಗೆ ಕಣ್ಣಿರಲಿಲ್ವೋ, ಈಗ ಆ ನಾಲ್ಕು ನಕ್ಷತ್ರ ಕಣ್ಣು ಕುಕ್ಕುತ್ತಿದ್ಯೋ, ದೇವರಾಣೆ ಗೊತ್ತಿಲ್ಲ."

ಹುಡುಗನ ಮುಖ ನೋಡಲು ಟಬ್ಸ್‌ಗೆ ನಾಚಿಕೆಯಾಯಿತು. ಅವನಿಗೆ ಒಳ್ಳೆಯದಾಗಲಿ ಎಂದು ಆಡಿದ ಮಾತೇನೋ ಹೌದು. ಆದರೆ ಅದನ್ನು ಊರೇ ನಂಬಿ, ಕೊನೆಗೆ ಆಡಿದವನೂ ನಂಬುವ ಹಾಗಾಗಿತ್ತು. ಈಗ ಹುಡುಗನ ನಾಲ್ಕು ವರ್ಷ ಆ ಮಾತಿನ ಮೇಲೆ ನಿಂತಿತ್ತು.

ಜಿಮ್ ಕಡೆಯಿಂದ ಬ್ಯಾಂಡ್ ಶುರುವಾಯಿತು. ನೀಲಿ ಟೋಪಿಗೆ ಕೈ ಹಾಕಿದ ಕೋರ್ಡೆಲ್ ಅಲ್ಲೇ ನಿಂತ.

"ಸ್ಪೆನ್ಸರ್ ಎಷ್ಟು ವರ್ಷದಿಂದ ನಿಮಗೆ ಫೋನ್ ಮಾಡ್ತಿದ್ದಾನೆ ಕೋಚ್?"

"ಹನ್ನೊಂದು ವರ್ಷ ಆಯ್ತು."

"ಬೇರೆ ಹುಡುಗರ ಬಗ್ಗೆನೂ ಕೇಳಿರ್ತಾನಲ್ಲ. ಅವರಿಗೋಸ್ಕರನೂ ಹೀಗೇ ಸುಳ್ಳು ಹೇಳಿದ್ರಾ?"

"ಛೆ ಛೆ, ಇಲ್ಲಪ್ಪ. ನಿನ್ನೊಬ್ಬನಿಗೋಸ್ಕರನೇ."

ಹುಡುಗನ ಕೈ ನೀಲಿ ಬಿಟ್ಟು ಕೆಂಪಿನತ್ತ ಸರಿಯಿತು. "ಯಾಕೆ? ನನ್ನಲ್ಲಿ ಏನು ಕಂಡ್ರಿ?"

ಟಬ್ಸ್ ಮಡಚಿದ್ದ ಜೆರ್ಸಿಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದರು.

"ಅದು ಗೊತ್ತಿದ್ದಿದ್ರೆ ಸುಳ್ಳು ಯಾಕಪ್ಪ ಹೇಳ್ತಿದ್ದೆ? ಅದನ್ನೇ ಹೇಳ್ತಿದ್ದೆ."