ಅಯಸ್ಕಾಂತಕ್ಕೆ ಬಾರದ ಚೂರು

ಡಾಕ್ಟರ್ ಸುನಂದಮ್ಮ ಎಕ್ಸ್-ರೇ ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಳ್ಳನ ಬಲಗಣ್ಣಿನ ಜಾಗದಲ್ಲಿ ಅರ್ಧ ರಾಗಿಕಾಳಿನಷ್ಟು ಬಿಳಿ ಚುಕ್ಕೆ ಕಾಣುತ್ತಿತ್ತು. ಲೋಹವೆನ್ನುವುದು ಖಚಿತ; ಯಾವ ಲೋಹವೆಂದು ಫಿಲಂ ಹೇಳುವುದಿಲ್ಲ. ಏನು ತಗುಲಿತು ಎಂದು ಕೇಳಿದರು. ಬೆಳ್ಳ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಚಲುವಯ್ಯ, ಸೌದೆ ಸೀಳುವಾಗ ಕೊಡಲಿಯ ಬಾಯಿ ಸಿಡಿಯಿತು ಎಂದ.

ಬೆಳ್ಳ ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯವನು. ಚಲುವಯ್ಯ ಅವನು ಕೂಲಿಗೆ ಹೋಗುವ ಹೊಲದ ಯಜಮಾನ. ಬೆಳ್ಳನನ್ನೂ ಅವನ ಹೆಂಡತಿ ಜವರಿಯನ್ನೂ ಬಸ್ಸು ಹತ್ತಿಸಿ ಮೈಸೂರಿನ ಈ ಕಣ್ಣಾಸ್ಪತ್ರೆಗೆ ಕರೆತಂದವನು ಅವನೇ. ಆದರೆ ಪೆಟ್ಟಾದ ಮೇಲೆ ಅಷ್ಟಕ್ಕೇ ನಾಲ್ಕು ದಿನ ಹಿಡಿದಿತ್ತು.

ಆಸ್ಪತ್ರೆಯಲ್ಲಿ ಕರೆಂಟಿನಿಂದ ನಡೆಯುವ ದೊಡ್ಡ ಅಯಸ್ಕಾಂತವಿತ್ತು. ಕಣ್ಣಿಗೆ ಹೊಕ್ಕ ಕಬ್ಬಿಣದ ಚೂರನ್ನು ಅದು ಹೊರಗೆಳೆಯುತ್ತಿತ್ತು. ಸುನಂದಮ್ಮ ಬೆಳ್ಳನನ್ನು ಅದರ ಮುಂದೆ ಕೂರಿಸಿ, ಒಳಗೆ ಎಳೆದ ಹಾಗಾದರೆ ತಕ್ಷಣ ಹೇಳಬೇಕು ಎಂದರು. ಅವನ ಗಲ್ಲ ಹಿಡಿದು ತಲೆ ಸರಿಮಾಡಿದರು.

“ಎಳೀತದೆ ಕಣವ್ವ,” ಎಂದ ಬೆಳ್ಳ.

ಅವರು ಇನ್ನೂ ಸ್ವಿಚ್ ಹಾಕಿರಲಿಲ್ಲ.

ಸುನಂದಮ್ಮ ಚಲುವಯ್ಯನಿಗೆ ಹೊರಗೆ ಕಾಯಲು ಹೇಳಿ ಬಾಗಿಲು ಮುಚ್ಚಿದರು. ಆಮೇಲೆ ಎರಡು ಸಲ ಸ್ವಿಚ್ ಹಾಕಿ ನೋಡಿದರು. ಕಣ್ಣಿನಲ್ಲಿ ಏನೂ ಅಲುಗಲಿಲ್ಲ. ಸ್ಟೂಲು ಎಳೆದುಕೊಂಡು ಬೆಳ್ಳನ ಎದುರಿಗೆ ಕೂತು, ಇದು ಕಬ್ಬಿಣವನ್ನಷ್ಟೇ ಎಳೆಯುತ್ತದೆ, ಬೇರೆ ಲೋಹವಾದರೆ ಕುಯ್ದು ತೆಗೆಯಬೇಕು, ಅದೂ ಬೇಗ, ಇಲ್ಲದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಬೆಳ್ಳ ನೆಲ ನೋಡಿದ.

ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತಿದ್ದ ಜವರಿ ಎದ್ದಳು. “ಕೊಡಲಿ ಅಲ್ಲ ಕಣವ್ವ. ಕೋವಿ ಕೇಪು ಸಿಡೀತು. ತಾಮ್ರದ್ದು.”

“ಸುಮ್ಕಿರು,” ಎಂದ ಬೆಳ್ಳ.

“ಜೈಲ್ಗೋದ್ರೆ ವಾಪಸ್ ಬತ್ತೀಯ. ಕಣ್ಣೋದ್ರೆ ಬತ್ತದಾ?”

ಉಳಿದದ್ದನ್ನೂ ಅವಳೇ ಹೇಳಿದಳು. ಗೆಣಸಿನ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಚಲುವಯ್ಯ ತನ್ನ ಲೈಸೆನ್ಸಿಲ್ಲದ ಕೋವಿ ಕೊಟ್ಟಿದ್ದ. ಕೇಪಿಗೆ ಬಡಿಯುವ ಕೋವಿಯ ಕುದುರೆ ಬಿದ್ದಾಗ, ಮದ್ದಿಗೆ ಕಿಡಿ ಕೊಡುವ ಆ ಪುಟ್ಟ ತಾಮ್ರದ ಟೋಪಿ ಒಡೆದು ಚೂರು ಕಣ್ಣಿಗೆ ಹಾರಿತ್ತು. ಕೋವಿಯ ಮಾತೆತ್ತಿದರೆ ಪೋಲೀಸರು ಎಳೆದೊಯ್ಯುವುದು ಬೆಳ್ಳನನ್ನೇ ಎಂದು ಚಲುವಯ್ಯ ಬಸ್ಸಿನುದ್ದಕ್ಕೂ ಹೇಳಿಕೊಂಡು ಬಂದಿದ್ದ.

ಅಂದೇ ಸಂಜೆ ಕುಯ್ದು ಚೂರನ್ನು ಚಿಮಟದಲ್ಲಿ ತೆಗೆದರು. ನಾಲ್ಕು ದಿನದ ತಡಕ್ಕೆ ಅರ್ಧ ದೃಷ್ಟಿ ಹೋಗಿತ್ತು; ಕಣ್ಣು ಉಳಿಯಿತು. ಚೂರನ್ನು ಹತ್ತಿಯಲ್ಲಿ ಸುತ್ತಿ ಸುನಂದಮ್ಮ ಜವರಿಯ ಕೈಗೆ ಕೊಟ್ಟರು.

ಹೊರಗೆ ವರಾಂಡದಲ್ಲಿ ಕಾದಿದ್ದ ಚಲುವಯ್ಯ ಜವರಿಯನ್ನು ಕಂಡೊಡನೆ, ಡಾಕ್ಟರಮ್ಮ ಕಾಗದದಲ್ಲಿ ಏನು ಬರೆದರು ಎಂದು ಕೇಳಿದ. ತನಗೆ ಓದಲು ಬರುವುದಿಲ್ಲ ಎಂದಳು ಅವಳು. ಹತ್ತಿ ಬಿಡಿಸಿ ಅಂಗೈ ಮುಂದೆ ಚಾಚಿದಳು.

“ತಕ್ಕಳಿ ಅಯ್ಯಾ, ನಿಮ್ದು.”

ಅವನು ಕೈ ನೀಡುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ.