ಏಳು ಚಿತ್ರಗಳಲ್ಲಿ ಒಂದೇ ಕೂಗು

"ನಿಲ್ಲಿಸಿ ಅದನ್ನ," ಎಂದು ಮಗಳು ಎದ್ದು ನಿಂತಾಗ ಅವಳ ನೆರಳು ಪರದೆಯ ಮೇಲೆ ಬಿತ್ತು. ಪರದೆಯ ಮೇಲಿದ್ದದ್ದು ಮೂರು ತಲೆಯ ಪಿಶಾಚಿ. ಆ ನೆರಳಿನ ಮುಂದೆ ಅದು ಬೆಕ್ಕಿನ ಮರಿಯಂತೆ ಕಂಡಿತು.

ಪ್ರೊಜೆಕ್ಟರ್ ನಿಂತಿತು. ಚಿತ್ರಸಂಗ್ರಹಾಲಯದ ಪುಟ್ಟ ಥಿಯೇಟರಿನಲ್ಲಿ ಇದ್ದವರು ಇಬ್ಬರೇ. ತೀರಿಕೊಂಡ ನಿರ್ದೇಶಕನ ಒಬ್ಬಳೇ ಮಗಳು. ಮತ್ತು ಯಂತ್ರದ ಪಕ್ಕದಲ್ಲಿ, ಅವನ ಎಲ್ಲ ಚಿತ್ರಗಳಿಗೂ ಸದ್ದು ಕೂರಿಸಿದ ಮುದುಕ. ಚಿತ್ರರಂಗಕ್ಕೆಲ್ಲ ಅವನು ಕಿವಿಮಾಮ.

ನಿರ್ದೇಶಕ ಸಾಮಾನ್ಯನಲ್ಲ. ಒಂಬತ್ತೇ ಚಿತ್ರಗಳಲ್ಲಿ ಇಡೀ ದೇಶದ ನಿದ್ದೆ ಕೆಡಿಸಿದವನು. ಮೊದಲನೆಯದು ಬಂದ ವರ್ಷ ಬಲ್ಬಿನ ಕಾರ್ಖಾನೆಗಳಿಗೆ ರಜೆಯೇ ಇರಲಿಲ್ಲ. ದೀಪ ಆರಿಸಿ ಮಲಗುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಎರಡನೆಯದನ್ನು ನೋಡಿ ಬಂದ ಗಂಡಸರು ಹೆಂಡತಿಯ ಕೈ ಹಿಡಿದುಕೊಂಡೇ ಬಚ್ಚಲಿಗೆ ಹೋದರು. ಈಗ ಅವಷ್ಟನ್ನೂ ತೊಳೆದು ಹೊಸದು ಮಾಡಿ ಮತ್ತೆ ತೋರಿಸಬೇಕೆಂದು ಸಂಗ್ರಹಾಲಯದವರ ಆಸೆ. ಹಕ್ಕು ಮಗಳದು. ಅವಳು ಹೂಂ ಅನ್ನಬೇಕು. ಅದಕ್ಕೂ ಮೊದಲು ಎಲ್ಲವನ್ನೂ ಸಾಲಾಗಿ ನೋಡುತ್ತೇನೆಂದಳು, ಏಕೆಂದರೆ ಒಂದನ್ನೂ ನೋಡಿರಲಿಲ್ಲ. ಚಿಕ್ಕವಳಾಗಿದ್ದಾಗ ಅಪ್ಪ ಬಿಡಲಿಲ್ಲ. ದೊಡ್ಡವಳಾದ ಮೇಲೆ ಅವಳೇ ಒಲ್ಲೆನೆಂದಳು.

ಮೊದಲೆರಡು ನೋಡಿ ನಕ್ಕಿದ್ದಳು. ಮೂರನೆಯದರಲ್ಲಿ ಆ ಕೂಗು ಬಂತು. ನಾಲ್ಕನೆಯದರಲ್ಲೂ ಅದೇ. ಮಾಟಗಾತಿ ಬಾಯಿ ತೆರೆದರೂ ಅದೇ, ಗೊಂಬೆಗೆ ಜೀವ ಬಂದರೂ ಅದೇ: ಚೂಪಾದ, ಎಳೆಯ, ಎಲ್ಲೋ ನಡುವೆ ಮುರಿದುಹೋಗುವ ಕಿರುಚು. ಈಗ ಏಳನೆಯದರಲ್ಲೂ ಅದೇ. ಮಗಳು ಹಲ್ಲಿನ ಡಾಕ್ಟರು. ಅವಳ ಕುರ್ಚಿಯಲ್ಲಿ ಅರ್ಧ ಊರು ಕಿರುಚಿದೆ; ಉಳಿದರ್ಧ ಹೊರಗೆ ಸರದಿ ಕಾಯುತ್ತಲೇ ಕಿರುಚಿದೆ. ನಟನೆ ಯಾವುದು, ನಿಜ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ನಾನು," ಎಂದಳು.

"ಕೂತ್ಕೊ ಪುಟ್ಟಿ. ಇನ್ನೂ ಎರಡಿದೆ."

"ಆ ಎರಡರಲ್ಲೂ ಇದೆಯಾ ಈ ಕೂಗು?"

"ಇದೆ."

"ಜಲರಾಕ್ಷಸನಿಗೆ ಅಂತ ತೊಟ್ಟಿ ಕಟ್ಟಿಸಿದ್ರಲ್ಲ, ಅದರಲ್ಲಿ ನಾನು ಬಿದ್ದ ದಿನ ಇದು. ಸದ್ದು ತೊಟ್ಟಿ ಗೋಡೆಗೆ ಬಡಿದು ವಾಪಸ್ ಬರೋದು ಕೇಳ್ತಿದೆ. ಮಗು ಮುಳುಗ್ತಿದೆ, ನೀವು ಮೈಕ್ ಹಿಡ್ಕೊಂಡು ನಿಂತಿದ್ರಿ."

"ಹಿಡ್ಕೊಂಡಿರಲಿಲ್ಲ. ಸ್ಟ್ಯಾಂಡಿನ ಮೇಲಿತ್ತು. ನೀರಿನ ಸದ್ದು ತಗೋತಾ ಇದ್ದೆ."

"ಸ್ಟ್ಯಾಂಡು ಮಾತ್ರ ಚೆನ್ನಾಗಿ ನೆನಪಿದೆ ನಿಮಗೆ. ತುಂಬಾ ಸಂತೋಷ ಆಯ್ತು, ಮಾಮ."

ಕಿವಿಮಾಮ ಸುಮ್ಮನಾದ. ಅದೇ ಒಂದು ಪವಾಡ. ಇಲಿಯ ಕೀಚಲು ದನಿಯನ್ನು ನಿಧಾನಕ್ಕೆ ಓಡಿಸಿ ಡ್ರ್ಯಾಗನ್ನಿನ ಗರ್ಜನೆ ಮಾಡಿದ್ದನ್ನು ಬಸ್ಸಿನ ಕಂಡಕ್ಟರಿಗೂ ಹೇಳಿ ಮೂರು ನಿಲ್ದಾಣ ಮುಂದಕ್ಕೆ ಹೋಗಿ ಇಳಿದವನು ಅವನು. ಈ ಕೂಗಿನ ಬಗ್ಗೆ ಮಾತ್ರ ಯಾರ ಮುಂದೆಯೂ ಜಂಬ ಕೊಚ್ಚಿರಲಿಲ್ಲ.

ಅವಳ ಸಿಟ್ಟಿಗೆ ಪರದೆ ಹೊತ್ತಿಕೊಳ್ಳದಿದ್ದದ್ದೇ ಹೆಚ್ಚು.

"ಆಸ್ಪತ್ರೆಲಿ ನಾನು ಕಣ್ಣು ಬಿಟ್ಟಾಗ ಅಪ್ಪ ಎದುರಿಗೇ ಕೂತಿದ್ರು. ಹೇಗಿದೀಯಾ ಅಂತಾನೂ ಕೇಳ್ಲಿಲ್ಲ. ಕೆನ್ನೆ ಸವರಿ ಎದ್ದು ಹೋದ್ರು. ಮನೆಗೆ ಬಂದ ಮೇಲೂ ವಾರಗಟ್ಟಲೆ ಬಾಯಿ ಹೊಲ್ಕೊಂಡಿದ್ರು. ನಾನು ಬಿದ್ದು ಶೂಟಿಂಗ್ ಕೆಡಿಸಿದ್ದಕ್ಕೆ ಕೋಪ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು. ಕೂಗು ಸಿಕ್ಕಿತ್ತಲ್ಲ, ಇನ್ನು ಮಗಳು ಯಾಕೆ?"

"ಬೇರೆ ಯಾರದಾದ್ರೂ ಹಾಕೋಣ ಅಂತ ನಾನು ಬಡ್ಕೊಂಡೆ. ಜನರನ್ನ ಕರೆಸಿ ಕಿರುಚಿಸಿದ್ದೂ ಆಯ್ತು. ನಿಮ್ಮಪ್ಪ ಒಪ್ಲಿಲ್ಲ. 'ನನಗೆ ಗೊತ್ತಿರೋ ಭಯ ಇದೊಂದೇ ಕಣೋ, ಮಿಕ್ಕಿದ್ದೆಲ್ಲ ರಬ್ಬರು' ಅಂದ. ಆದ್ರೆ ಚಿತ್ರ ತೋರಿಸುವಾಗ ಆ ಜಾಗ ಬಂತು ಅಂದ್ರೆ ಎದ್ದು ಹೊರಗೆ ಹೋಗ್ತಿದ್ದ."

"ಕೂತು ಕೇಳೋ ಧೈರ್ಯ ಇರಲಿಲ್ಲ."

"ಇರಲಿಲ್ಲ," ಎಂದು ಮಾಮ ಒಪ್ಪಿಕೊಂಡ.

ಅದು ಅವಳನ್ನು ಇನ್ನಷ್ಟು ಕೆರಳಿಸಿತು. "ಏಳು ಚಿತ್ರಗಳಿಂದಲೂ ಅದನ್ನ ಕಿತ್ತು ಹಾಕಿ. ಇಲ್ಲ ಅಂದ್ರೆ ಒಂಬತ್ತೂ ಡಬ್ಬಿಯಲ್ಲೇ ಕೊಳೀಲಿ. ಮೂಲ ಟೇಪ್ ಎಲ್ಲಿ?"

"ಇಲ್ಲೇ ಇದೆ. ಯಾಕೆ?"

"ಕೈಯಾರೆ ಹರೀತೀನಿ. ಅದಕ್ಕೂ ಮೊದಲು ಒಂದ್ಸಲ ಪೂರ್ತಿ ಕೇಳಬೇಕು. ನನ್ನ ಕೂಗನ್ನ ಊರೆಲ್ಲ ಕೇಳಿದೆ, ನಾನೂ ಕೇಳ್ತೀನಿ."

"ಬೇಡ ಪುಟ್ಟಿ. ನಿನ್ನ ಕಿವಿಗೆ ಬೀಳಬಾರದು ಅಂತ ಅವನು ಮಾತು ತಗೊಂಡಿದ್ದ."

"ತಗೊಂಡಿರ್ತಾರೆ. ದೇಶಾನೇ ಹೆದರಿಸಿದ ಮನುಷ್ಯನಿಗೆ ಮಗಳನ್ನ ಕಂಡ್ರೆ ಭಯ. ಹಾಕಿ."

ಮಾಮ ಅವಳ ಮುಖ ನೋಡಿದ. ಆ ಮುಖಕ್ಕೆ ಹೆದರಿ ಮೂರು ತಲೆಯ ಪಿಶಾಚಿಯೂ ಸಂಸಾರ ಸಮೇತ ಊರು ಬಿಡುತ್ತಿತ್ತು. ಅವನು ಪೆಟ್ಟಿಗೆ ತೆರೆದು, ಹಳೆಯ ಟೇಪನ್ನು ಯಂತ್ರಕ್ಕೆ ಸುತ್ತಿ, ಹೆಬ್ಬೆರಳಿನಿಂದ ಒಂದು ಗುಂಡಿಯನ್ನು ಕೆಳಕ್ಕೆ ತಿರುಗಿಸಿದ.

"ಏನು ಮಾಡ್ತಿದೀರಿ? ಸದ್ದು ಕಡಿಮೆ ಮಾಡ್ಬೇಡಿ."

"ಸದ್ದಲ್ಲ, ವೇಗ. ಚಿತ್ರಗಳಿಗೆ ಹಾಕುವಾಗ ಬೇಗ ಓಡಿಸಿ ದನಿ ಸಣ್ಣಗೆ ಮಾಡಿದ್ವಿ. ಇದು ಅಸಲಿ." ಅವನ ಬೆರಳು ಗುಂಡಿಯ ಮೇಲೇ ನಿಂತಿತು. "ಅವನು ತೊಟ್ಟಿಯೊಳಗೆ ಧುಮುಕಿ ನಿನ್ನನ್ನ ಮೇಲಕ್ಕೆತ್ತಿ ಹಿಡಿದಾಗ ನಿನ್ನಲ್ಲಿ ಉಸಿರೇ ಇರಲಿಲ್ಲ ಪುಟ್ಟಿ. ಕಿರುಚೋಕೆ ಉಸಿರು ಬೇಕು."

ಟೇಪು ತಿರುಗಿತು. ನೀರು ಕಲಕಿದ ಸದ್ದು.

ಆಮೇಲೆ ಕೂಗಿದ್ದು ಅವಳಪ್ಪ, ಗಂಟಲು ಹರಿದು ಧ್ವನಿಯೇ ನಿಂತುಹೋಗುವವರೆಗೆ.