ಎರಡು ಉಳ್ಳಾಗಡ್ಡಿ

ಅಳು ಬರಿಸುವುದನ್ನೆಲ್ಲ ಸರಕಾರ ಮಾದಕ ವಸ್ತುಗಳ ಪಟ್ಟಿಗೆ ಸೇರಿಸಿ ಹನ್ನೊಂದು ವರ್ಷವಾಗಿತ್ತು. ಎರಡು ಉಳ್ಳಾಗಡ್ಡಿ ಇಟ್ಟುಕೊಂಡ ಆರೋಪ ಹೊತ್ತು ಜಾಮೀನಿನ ಮೇಲೆ ಹೊರಗಿದ್ದ ಗದಗಿನ ದ್ಯಾಮವ್ವ, ವಕೀಲರನ್ನು ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದಳು. ಮೂವರು "ತಪ್ಪು ಒಪ್ಕೊಂಡುಬಿಡು" ಎಂದು ಕಳಿಸಿದ್ದರು. ನಾಲ್ಕನೆಯವರು ಇಂದುಮತಿ ಹಂಚಿನಾಳ.

ಅವರು ಆರೋಪಪಟ್ಟಿ ಓದಿ ಕನ್ನಡಕ ತೆಗೆದರು. "ನೂರು ಗ್ರಾಂ ಒಳಗಿದ್ರ ಸ್ವಂತಕ್ಕ ಅಂತ ಆರು ತಿಂಗಳು. ಮ್ಯಾಲಿದ್ರ ಮಾರಾಕ ಅಂತ ಹತ್ತು ವರ್ಷ. ನಿಮ್ಮವು ನೂರಾ ನಲವತ್ತು. ಆದ್ರ ಮಣ್ಣು, ಸಿಪ್ಪಿ ಸಮೇತ ತೂಗ್ಯಾರ, ಅದನ್ನ ಹಿಡೀಬಹುದು. ಇಲ್ಲಾಂದ್ರ ಹಿತ್ತಲದಾಗ ಯಾರೋ ಹೂತಿಟ್ಟಿದ್ರು, ನಿಮಗ ಗೊತ್ತಿಲ್ಲ ಅನ್ನೂಣು."

"ನಾನೇ ಹೂತಿದ್ದು," ಎಂದಳು ದ್ಯಾಮವ್ವ. "ಗಂಡ ಸತ್ತು ನಾಕು ತಿಂಗಳಾತ್ರೀ. ಕಣ್ಣೀರು ಬತ್ತಿಸೂ ಸರಕಾರದ ಸೂಜಿ ಚುಚ್ಚಿಸ್ಕೊಂಡ ಕಣ್ಣು, ಒಂದು ಹನಿ ಬರಲಿಲ್ಲ. ಅಂವನ ಸಲುವಾಗಿ ಅಳಾಕಂತನೇ ತಂದಿದ್ದೆ. ಅಲ್ಲ ಅಂತ ಹೆಂಗ ಅನ್ನಲಿ?"

"ಹಂಗಾರ ಜಡ್ಜ್ ಮುಂದ ಏನ್ ಮಾಡ್ತೀರಿ?"

"ಆ ಗಡ್ಡಿ ಸಾಕ್ಷಿ ಅಂತ ಮೇಜಿನ ಮ್ಯಾಲ ಇಡ್ತಾರಲ್ರೀ?"

"ಇಡ್ತಾರ."

"ಅಲ್ಲೇ ಒಡೀತೀನಿ. ಜಡ್ಜ್ ಸಾಹೇಬ್ರೂ ಅಳಲಿ, ಪೊಲೀಸ್ರೂ ಅಳಲಿ. ಆಮ್ಯಾಲ ಯಾರನ್ನ ಒಳಗ ಹಾಕ್ತಾರೋ ಹಾಕಲಿ."

ಇಂದುಮತಿ ವಕಾಲತ್ತಿನ ಕಾಗದವನ್ನು ಅವಳ ಮುಂದೆ ಸರಿಸಿದರು. "ಆದ್ರ ಕೋರ್ಟಿನೊಳಗ ಚಾಕು ಬಿಡೂದಿಲ್ಲ, ದ್ಯಾಮವ್ವ."

"ರೊಟ್ಟಿ ತಿನ್ನೂ ಮಂದಿ ಉಳ್ಳಾಗಡ್ಡಿಗೆ ಚಾಕು ಹಿಡೀತಾರೇನ್ರೀ?" ಎಂದು ದ್ಯಾಮವ್ವ ಹೆಬ್ಬೆಟ್ಟು ಒತ್ತಿ, ಅದೇ ಕೈಯನ್ನು ಮುಷ್ಟಿ ಮಾಡಿ ಮೇಜಿನ ಮೇಲೆ ಗುದ್ದಿದಳು.